ಗಾಜಿನ ತೊಟ್ಟಿಗೆ ಹೆಪ್ಪು

ಮಧುಗಿರಿ
೪-೧೧-೧೯೮೧

ಗಿರಿಯಮ್ಮ ಮೇಡಂ ಅವರಿಗೆ,

ಕೊನೆಯಲ್ಲಿರುವ ಹೆಸರು ನೋಡುವ ಮುಂಚೆಯೇ ಇದು ಯಾರ ಅಕ್ಷರ ಅಂತ ನಿಮಗೆ ತಿಳಿದಿರುತ್ತದೆ. ಓದದೆ ಹರಿದು ಹಾಕಬೇಡಿ, ಇಷ್ಟೇ ನನ್ನ ಮೊದಲ ಬೇಡಿಕೆ.

ಮದುವೆಯಾದ ಮೇಲೂ ನಾನು ಇಲ್ಲೇ, ಅಪ್ಪನ ಮನೆಯಿದ್ದ ಮಧುಗಿರಿ ಪೇಟೆಯಲ್ಲೇ ಇದ್ದೇನೆ. ನಮ್ಮ ಯಜಮಾನರು ಶಂಕರಲಿಂಗಪ್ಪನವರು ಶಿರಾದಲ್ಲಿ ಕಡಲೆಕಾಯಿ ಎಣ್ಣೆ ಮಿಲ್ಲು ನಡೆಸುತ್ತಾರೆ. ದೀಪಾವಳಿಗೆ ಮುಂಚೆ ಬೆಂಗಳೂರಿಗೆ ಹೋದವರು ಯಾವುದೋ ಹೋಟೆಲಿನಲ್ಲಿ ನೋಡಿ ಮನಸ್ಸು ಸೋತು, ಒಂದು ಗಾಜಿನ ತೊಟ್ಟಿ, ಗಾಳಿ ಊದುವ ಮಿಷನ್ನು, ಪ್ಲಾಸ್ಟಿಕ್ ಚೀಲದಲ್ಲಿ ಕೆಂಪು ಮೀನುಗಳು, ಎಲ್ಲ ತಂದರು. ಹಜಾರದಲ್ಲಿ ಇಟ್ಟೆವು. ನೋಡೋಕೆ ಎರಡು ಕಣ್ಣು ಸಾಲದು. ಆದರೆ ವಾರ ತುಂಬುವುದರೊಳಗೆ ಎಲ್ಲವೂ ಹೊಟ್ಟೆ ಮೇಲಾಗಿ ತೇಲಿದವು. ಮತ್ತೆ ತಂದರು, ಅವೂ ಸತ್ತವು.

ಶುಚಿಯಲ್ಲಿ ನಾವೇನೂ ಕಡಿಮೆ ಮಾಡಿಲ್ಲ. ನಮ್ಮ ಅತ್ತೆಯವರು ಚನ್ನಮಲ್ಲಮ್ಮನವರು ಬಹಳ ಮಡಿ. ಪ್ರತಿ ಸೋಮವಾರ ತೊಟ್ಟಿಯ ನೀರನ್ನೆಲ್ಲ ಚೆಲ್ಲಿಸಿ, ಕಲ್ಲು ಮರಳು ಗಾಜು ಎಲ್ಲವನ್ನೂ ದೇವರ ಪಾತ್ರೆ ಬೆಳಗುವ ಹಾಗೆ ಹುಣಿಸೆಹಣ್ಣು ಬೂದಿ ಹಾಕಿ ಉಜ್ಜಿಸಿ, ಬಾವಿಯಿಂದ ಹೊಸ ನೀರು ತುಂಬಿಸಿ, ಗಾಜಿಗೆ ವಿಭೂತಿ ಹಚ್ಚಿಸುತ್ತಾರೆ. ಹೊಸ ನೀರಿಗೆ ಬಿಟ್ಟ ಮೀನು ಹೇಗೆ ಸಾಯುತ್ತದೆ? ಯಾರಿಗೂ ತಿಳಿಯುತ್ತಿಲ್ಲ.

ನಿಮ್ಮ ಊರಿನ ಪರ್ವತಯ್ಯ ಮೇಷ್ಟ್ರು ನಮಗೆ ದೂರದ ನೆಂಟರು. ಪಾವಗಡ ಹೈಸ್ಕೂಲಿನಲ್ಲಿ ಗಿರಿಯಮ್ಮ ಅನ್ನೋ ಸೈನ್ಸ್ ಮೇಡಂ ಇದ್ದಾರೆ, ಅವರ ತೊಟ್ಟಿಯಲ್ಲಿ ಮೀನು ವರ್ಷಗಟ್ಟಲೆ ಬದುಕಿವೆ ಅಂದರು. ನೀವೇ ಅಂತ ಗೊತ್ತಾಯಿತು.

ದಯವಿಟ್ಟು ಉಪಾಯ ಬರೆಯಿರಿ. ಕಾರ್ಡಿನಲ್ಲಿ ಬೇಡ, ಕವರಿನಲ್ಲಿ ಬರೆಯಿರಿ. ನಿಮ್ಮ ಅವ್ವ ಕರಿಯಕ್ಕ ಹೇಗಿದ್ದಾರೆ? ಬಸವಮ್ಮ ಕೇಳಿದಳು ಅಂತ ಹೇಳಿ.

ಬಸವಮ್ಮ


ಪಾವಗಡ
೧೨-೧೧-೧೯೮೧

ಬಸವಮ್ಮ,

ಮೇಡಂ ಅಂತೆ, ನೀವು ಅಂತೆ! ನಿಮ್ಮಪ್ಪನ ಮನೆ ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಒಂದೇ ಚಾಪೆ ಮೇಲೆ ಮಲಗಿ ಎಸ್ಸೆಲ್ಸಿ ಓದುವಾಗ ನಾನು ನಿನಗೆ ಗಿರಿ ಆಗಿದ್ದೆ. ಈಗ ಮೀನು ಸತ್ತ ಮೇಲೆ ಮೇಡಂ ಆಗಿಬಿಟ್ಟೆ.

ನಿನ್ನ ಮೀನು ಸತ್ತವು ಅಂತ ಓದಿ ನನ್ನ ಹೊಟ್ಟೆ ತಣ್ಣಗಾಯಿತು. ಎರಡನೇ ಸಲವೂ ಸತ್ತವು ಅಂತ ಓದಿ ಇನ್ನೂ ತಣ್ಣಗಾಯಿತು. ಇದನ್ನು ಮುಚ್ಚಿಟ್ಟುಕೊಂಡು ನಯವಾಗಿ ಬರೆಯೋ ಅಭ್ಯಾಸ ನನಗಿಲ್ಲ.

ನನ್ನ ಅವ್ವನನ್ನ ಯಾವ ಬಾಯಲ್ಲಿ ಕೇಳುತ್ತೀಯ? ಹಟ್ಟಿಯಿಂದ ಬೆಣ್ಣೆ ಮಡಕೆ ಹೊತ್ತು, ಬಡವನಹಳ್ಳಿಗೆ ಬಂದು ಮೊದಲನೇ ಬಸ್ಸು ಹಿಡಿದು, ನಿಮ್ಮ ಪೇಟೆ ಬೀದಿಯ ಮನೆ ಮನೆಗೂ ಬೆಣ್ಣೆ ಹಾಕಿ ನನ್ನನ್ನ ಓದಿಸಿದವಳು ಅವಳು. ಬರುವಾಗ ನನಗೆ ಅಂತ ಮುದ್ದೆ, ಒಣಮೀನಿನ ಸಾರು ಕಟ್ಟಿಕೊಂಡು ಬರುತ್ತಿದ್ದಳು. ವಾಸನೆ ಹಿಡಿದು ಬಂದವಳು ನೀನು. "ಬ್ಯಾಡ ಕಣವ್ವ, ನೀವು ಲಿಂಗ ಕಟ್ಟಿರೋರು, ನಿಮ್ಮೋರಿಗೆ ಗೊತ್ತಾದ್ರೆ ನನ್ ಚರ್ಮ ಸುಲೀತಾರೆ" ಅಂತ ಅವ್ವ ಕೈಮುಗಿದಳು. ನೀನು ಕಾಡಿ, ಅತ್ತು, ಇಸಿದುಕೊಂಡು ತಿಂದು ಬೆರಳು ನೆಕ್ಕಿದೆ. ಒಂದು ಸಲ ಅಲ್ಲ, ಎಷ್ಟೋ ವಾರ.

ನಿಮ್ಮಜ್ಜಿ ನಿನ್ನ ಕೈ ಮೂಸಿ ಹಿಡಿದ ದಿನ ಏನು ಹೇಳಿದೆ? ಬದನೆಕಾಯಿ ಅಂತ ಸುಳ್ಳು ಹೇಳಿ ಕರಿಯಕ್ಕ ತಿನ್ನಿಸಿದಳು ಅಂದೆ. ನನ್ನ ಮುಂದೆ ನಿಂತು ಅಂದೆ. ಪರೀಕ್ಷೆ ನಡುವೆ ನನ್ನ ಟ್ರಂಕು ಬೀದಿಗೆ ಬಿತ್ತು, ಅದು ಹೋಗಲಿ. ಮಾರನೆಯ ವಾರ ಅವ್ವ ಬೆಣ್ಣೆ ತಂದಾಗ ಇಡೀ ಬೀದಿಯಲ್ಲಿ ಒಂದು ಬಾಗಿಲೂ ತೆಗೆಯಲಿಲ್ಲ. "ಮೋಸ ಮಾಡಿ ಜಾತಿ ಕೆಡಿಸೋಳು, ಬೆಣ್ಣೇಲಿ ಏನ್ ಬೆರೆಸ್ತಾಳೋ" ಅಂದರು. ಬಿಸಿಲೇರಿ ಬೆಣ್ಣೆ ಕರಗಿ ಮಡಕೆಯಿಂದ ಇಳಿದು ಅವಳ ಸೆರಗೆಲ್ಲ ಒದ್ದೆಯಾಗಿತ್ತು. ಅವತ್ತಿಗೆ ಅವಳ ವ್ಯಾಪಾರ ಮುಗಿಯಿತು. ಆಮೇಲೆ ಅವಳು ಗೌಡಗೆರೆ ಕಡೆ ಕಂಡವರ ಹೊಲದಲ್ಲಿ ಕಡಲೆಕಾಯಿ ಕಳೆ ಕಿತ್ತಳು.

ನಿನ್ನ ಮೀನು ಯಾಕೆ ಸತ್ತವು ಅಂತ ನನಗೆ ಓದುವಾಗಲೇ ಗೊತ್ತಾಯಿತು. ಹೇಳುತ್ತೇನೆ, ಗೊತ್ತಾಗಿಯೂ ಏನೂ ಮಾಡೋಕಾಗದೆ ಒದ್ದಾಡು ಅಂತ. ಮೀನು ತಾನಿರುವ ನೀರಲ್ಲೇ ಹೇಲುತ್ತದೆ, ಉಚ್ಚೆ ಹೊಯ್ಯುತ್ತದೆ. ಅದು ವಿಷ. ಆ ವಿಷವನ್ನು ತಿಂದು ಜೀರ್ಣ ಮಾಡುವ ಕಣ್ಣಿಗೆ ಕಾಣದ ಜೀವಾಣುಗಳು ಮರಳಲ್ಲಿ, ಕಲ್ಲಲ್ಲಿ ನಿಧಾನವಾಗಿ ಹುಟ್ಟಿ ಬೆಳೆಯಬೇಕು. ಹೊಸ ತೊಟ್ಟಿಯಲ್ಲಿ ಅವು ಇರೋಲ್ಲ. ಹಾಲು ಮೊಸರಾಗೋಕೆ ಹೆಪ್ಪು ಬೇಕಲ್ಲ, ಹಾಗೆ. ನಿಮ್ಮ ಅತ್ತೆ ಪ್ರತಿ ಸೋಮವಾರ ಆ ಹೆಪ್ಪನ್ನೇ ಹುಣಿಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಚೆಲ್ಲುತ್ತಿದ್ದಾಳೆ. ನಿಮ್ಮ ಮಡಿಯೇ ಮೀನನ್ನು ಕೊಂದಿರೋದು.

ನನ್ನ ತೊಟ್ಟಿಯ ಹಳೆಯ ಮರಳು ಒಂದು ಬೊಗಸೆ ಕೊಟ್ಟರೆ ನಿನ್ನ ತೊಟ್ಟಿಗೆ ಹೆಪ್ಪಾಗುತ್ತದೆ. ಕೊಡೋಲ್ಲ.

ಗಿರಿಯಮ್ಮ


ಮಧುಗಿರಿ
೨೦-೧೧-೧೯೮೧

ಗಿರಿ,

ನೀನು ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಹಿತ್ತಿಲಲ್ಲಿ ಕೂತು ಓದಿದೆ. ಬಯ್ಯಿ, ಇನ್ನೂ ಬಯ್ಯಿ. ಆದರೆ ಮರಳು ಕೊಡು.

ಮೊದಲ ಕಾಗದದಲ್ಲಿ ಹೇಳೋಕೆ ನಾಚಿಕೆಯಾಗಿ ಬಿಟ್ಟಿದ್ದೆ. ಈಗ ಹೇಳುತ್ತೇನೆ. ನಾನು ಈ ಮನೆಗೆ ಬಂದು ಹದಿನಾಲ್ಕು ವರ್ಷ, ಮಕ್ಕಳಾಗಲಿಲ್ಲ. ಡಾಕ್ಟರು ನನ್ನಲ್ಲಿ ಏನೂ ಐಬಿಲ್ಲ ಅಂದಿದ್ದಾರೆ, ನಮ್ಮವರು ತೋರಿಸಿಕೊಳ್ಳೋಕೆ ಒಪ್ಪಲಿಲ್ಲ. ಆ ಮಾತು ಹೊರಗೆ ಆಡುವ ಹಾಗಿಲ್ಲ. ಅತ್ತೆ ಮಾತ್ರ ನನ್ನ ಕೈಗುಣ ಸರಿಯಿಲ್ಲ ಅಂತ ಹೋದಲ್ಲಿ ಬಂದಲ್ಲಿ ಸಾರುತ್ತಾರೆ. ಕರು ಸತ್ತರೆ ನಾನು, ಸಸಿ ಒಣಗಿದರೆ ನಾನು. ಈಗ ಮೀನು ಸತ್ತದ್ದು ಅವರಿಗೆ ಕೈಗೆ ಸಿಕ್ಕ ಕೋಲಾಗಿದೆ. "ನೋಡ್ರೋ, ಇವ್ಳು ಮೇವು ಹಾಕಿದ್ ಮೀನೂ ಉಳೀಲಿಲ್ಲ, ಇನ್ನು ವಂಶ ಉಳಿಸ್ತಾಳಾ" ಅಂತ ಬಂದವರಿಗೆಲ್ಲ ಖಾಲಿ ತೊಟ್ಟಿ ತೋರಿಸುತ್ತಾರೆ.

ಕೊರಟಗೆರೆ ಕಡೆ ಅಡವಯ್ಯನವರು ಅಂತ ಇದ್ದಾರೆ, ಅವರ ಮಗಳನ್ನು ನಮ್ಮವರಿಗೆ ಎರಡನೆಯದಾಗಿ ತರಬೇಕು ಅಂತ ಮಾತು ನಡೆದಿದೆ. ಕಾನೂನು ಒಪ್ಪೋಲ್ಲ ಅಂತ ನೀನು ಹೇಳುತ್ತೀಯ. ಕಾನೂನು ನಮ್ಮ ಹಜಾರದವರೆಗೆ ಬರೋಲ್ಲ ಗಿರಿ. ನಮ್ಮವರು ಕೆಟ್ಟವರಲ್ಲ, ಆದರೆ ಅವ್ವನ ಮುಂದೆ ಬಾಯಿಲ್ಲ. ನಾನು ಅತ್ತೆಯ ಕಾಲು ಹಿಡಿದೆ. ಕೊನೆಗೆ, "ಶಿವರಾತ್ರಿಗೆ ಇನ್ನೊಂದ್ ಸಲ ಮೀನ್ ತರುಸ್ತೀನಿ. ನಿನ್ ಕೈಯಲ್ಲಿ ಅವು ಉಳುದ್ರೆ ನೋಡಾನ. ಸತ್ರೆ ಸುಮ್ಕೆ ಮೂಲೆ ಹಿಡಿ" ಅಂದರು. ತಮಾಷೆಗೆ ಅಂದರೋ ನಿಜಕ್ಕೋ, ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ಬೇರೆ ಹಿಡಿದುಕೊಳ್ಳೋಕೆ ಏನೂ ಇಲ್ಲ.

ಒಂದು ಬೊಗಸೆ ಮರಳು. ಪರ್ವತಯ್ಯ ಮೇಷ್ಟ್ರ ಕೈಲಿ ಕಳಿಸು. ಕರಿಯಕ್ಕನಿಗೆ ಹೇಳಿ ನೋಡು, ಅವರ ಮನಸ್ಸು ದೊಡ್ಡದು, ಕೊಡು ಅಂತಾರೆ.

ಬಸವಮ್ಮ


ಪಾವಗಡ
೯-೧೨-೧೯೮೧

ಬಸವಮ್ಮ,

ನಿನ್ನ ಕಾಗದ ಬಂದು ಮೇಜಿನ ಮೇಲೆ ಬಿದ್ದಿತ್ತು. ಬೇಕೆಂದೇ ಬಿಟ್ಟಿದ್ದೆ. ನೀನು ಪೋಸ್ಟ್‌ಮ್ಯಾನ್ ದಾರಿ ಕಾಯುತ್ತಾ ಬಾಗಿಲಿಗೂ ಒಳಗೂ ಓಡಾಡುತ್ತಿರುತ್ತೀಯ ಅಂತ ನೆನೆಸಿಕೊಂಡರೆ ಮುದ್ದೆ ಚೆನ್ನಾಗಿ ಇಳಿಯುತ್ತಿತ್ತು.

ಕೊರಟಗೆರೆ ಹುಡುಗಿ ಬರಲಿ ಬಿಡು, ನನಗೇನು? ಮಾಡದ ತಪ್ಪಿಗೆ ಹೆಸರು ಕೆಡಿಸಿಕೊಂಡು ಮೂಲೆ ಹಿಡಿಯೋದು ಹೇಗಿರುತ್ತೆ ಅಂತ ನಿನಗೂ ತಿಳಿಯಲಿ. ನನ್ನ ಅವ್ವನ ಮನಸ್ಸು ದೊಡ್ಡದು, ನಿಜ. ನನ್ನದು ಅಲ್ಲ. ಅವಳ ಹೆಸರು ಹೇಳಿ ನನ್ನ ಹತ್ತಿರ ಏನೂ ಗಿಟ್ಟಿಸಿಕೊಳ್ಳೋಕಾಗೋಲ್ಲ.

ಮರಳು ಕೊಡೋಲ್ಲ ಅಂದೆ, ಕೊಡೋಲ್ಲ. ಆದರೆ ಹೆಪ್ಪಿಲ್ಲದೆಯೂ ನೀರು ಪಕ್ವ ಆಗುತ್ತದೆ. ಆ ದಾರಿ ಹೇಳುತ್ತೇನೆ. ನಡೆಯೋ ಧೈರ್ಯ ಇದ್ದರೆ ನಡಿ.

ಮರಳನ್ನ ಬರೀ ನೀರಲ್ಲಿ ತೊಳಿ. ಬೂದಿ ಬೇಡ, ಹುಣಿಸೆ ಬೇಡ, ವಿಭೂತಿಯೂ ಬೇಡ. ಬಾವಿ ನೀರು ತುಂಬು. ಗಾಳಿ ಮಿಷನ್ನು ಹಗಲೂ ರಾತ್ರಿ ಓಡಲಿ. ಮೀನು ಬಿಡಬೇಡ. ನೀರಲ್ಲಿ ಏನಾದರೂ ಕೊಳೆತರೆ ತಾನೇ ಆ ಜೀವಾಣುಗಳಿಗೆ ಊಟ? ಅದಕ್ಕೆ ಒಂದು ತುಂಡು ಒಣಮೀನನ್ನು ತೆಳುಬಟ್ಟೆಯಲ್ಲಿ ಗಂಟು ಕಟ್ಟಿ ಕಲ್ಲಿನ ಹಿಂದೆ ಬಿಡು. ಹೌದು, ಒಣಮೀನು. ಸರಿಯಾಗಿಯೇ ಓದಿದ್ದೀಯ.

ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗುತ್ತದೆ. ಗಬ್ಬು ನಾರುತ್ತದೆ. ಆಗ ಹೆದರಿ ನೀರು ಚೆಲ್ಲಿದೆಯೋ, ಮತ್ತೆ ಮೊದಲಿಂದ. ಕೆಲವು ವಾರ ಕಳೆದ ಮೇಲೆ ವಾಸನೆ ತಾನಾಗಿ ಹೋಗಿ ನೀರು ತಿಳಿಯಾಗುತ್ತದೆ. ಆವಾಗ ಗಂಟು ತೆಗಿ, ಅರ್ಧ ನೀರು ಬದಲಾಯಿಸು, ಮೊದಲು ಎರಡೇ ಮೀನು ಬಿಡು, ಅವು ತಿಂದು ಆಡಿಕೊಂಡಿದ್ದರೆ ಉಳಿದವನ್ನು ಬಿಡು.

ಒಂದು ಕಟ್ಟಳೆ ಇದೆ. ಆಳಿನ ಕೈಲಿ ತರಿಸುವ ಹಾಗಿಲ್ಲ. ನೀನೇ ಸಂತೆಗೆ ಹೋಗಿ, ಜನ ನೋಡುವಾಗ, ನಿನ್ನ ಬಾಯಲ್ಲೇ ಕೇಳಿ ಕೊಳ್ಳಬೇಕು. ಮಧುಗಿರಿ ಸಂತೆಯಲ್ಲಿ ಚಿಕ್ಕಹನುಮಕ್ಕ ಅಂತ ಮಾರುತ್ತಾಳೆ, ಅವ್ವ ಅವಳ ಹತ್ತಿರವೇ ಕೊಳ್ಳುತ್ತಿದ್ದದ್ದು. ನಿನ್ನ ಕೈಯಲ್ಲೇ ಗಂಟು ಕಟ್ಟಿ, ನಿಮ್ಮ ಹಜಾರದ ನಡುವೆ, ನಿಮ್ಮ ದೇವರ ಮನೆ ಎದುರಿಗೆ ಬಿಡಬೇಕು.

ನಾನು ಸುಳ್ಳು ಹೇಳಿ ನಿನ್ನನ್ನ ಹಾಳು ಮಾಡುತ್ತಿದ್ದೀನಿ ಅಂತ ಅನುಮಾನಪಡಬೇಡ. ಪಾಠದಲ್ಲಿ ನಾನು ಸುಳ್ಳು ಹೇಳೋಲ್ಲ. ಮಾಡಿದರೆ ಮೀನು ಬದುಕುತ್ತವೆ. ಸಿಕ್ಕಿಬಿದ್ದರೆ ನಿನ್ನ ಗತಿ ಏನಾಗುತ್ತೋ ಆಗಲಿ.

ಗಿರಿಯಮ್ಮ


ಮಧುಗಿರಿ
೨೪-೧೨-೧೯೮೧

ಗಿರಿ,

ಮಾಡಿದೆ ಕಣೇ.

ನಿನ್ನ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ. ಇವಳಿಗೆ ಹೃದಯವೇ ಇಲ್ಲ ಅಂತ ಬೈದುಕೊಂಡೆ. ಮೂರನೇ ದಿನ ಅತ್ತೆ ನನ್ನ ಕಣ್ಣೆದುರಿಗೇ ಕೊರಟಗೆರೆಯವರಿಗೆ ಅಂತ ಸೀರೆ ಆರಿಸಿದರು. ನನ್ನ ಕೈಲೇ ಮಡಿಸಿ ಇಡಿಸಿದರು. ಸಂತೆಗೆ ಹೊರಟೆ.

ಸೆರಗು ತಲೆ ತುಂಬ ಹೊದ್ದುಕೊಂಡು ಹೋದರೂ ಗುರುತು ಸಿಕ್ಕೇಬಿಟ್ಟಿತು. ಚಿಕ್ಕಹನುಮಕ್ಕ ಮುದುಕಿಯಾಗಿದ್ದಾಳೆ, ಬಾಯಿ ಮಾತ್ರ ಮುದಿಯಾಗಿಲ್ಲ. "ಏನವ್ವಾ, ಸೌಕಾರ್ರ ಮನೆಯೋರು ಇತ್ಲಾಗ್ ಬಂದ್ಬುಟ್ರಿ? ದಾರಿ ತಪ್ತಾ?" ಅಂತ ಇಡೀ ಸಾಲಿಗೆ ಕೇಳುವ ಹಾಗೆ ಕೂಗಿದಳು. "ತಪ್ಪಿಲ್ಲ, ಒಣಮೀನ್ ಕೊಡು" ಅಂದೆ. ಪಕ್ಕದಲ್ಲಿ ಮೆಣಸಿನಕಾಯಿ ಮಾರುವವನು ತಕ್ಕಡಿ ಹಾಗೇ ಹಿಡಿದುಕೊಂಡು ನೋಡಿದ. "ಬೆಕ್ಕು ಸಾಕಿದ್ದೀರೇನವ್ವ?" ಅಂದಳು. ಹೌದು ಅನ್ನಬಹುದಿತ್ತು. ನಿನ್ನ ಕಟ್ಟಳೆ ನೆನಪಾಗಿ, "ಬೆಕ್ಕಿಗಲ್ಲ, ನನಗೇ" ಅಂದೆ. ಅವಳು ಹಲ್ಲಿಲ್ಲದ ಬಾಯಿ ತೆಗೆದು ನಕ್ಕದ್ದು ನೀನು ನೋಡಬೇಕಿತ್ತು. ನಿನಗೆ ಖುಷಿಯಾಗುತ್ತಿತ್ತು.

ಇನ್ನೊಂದು ನಿಜ ಹೇಳಲಾ? ಮನೆಗೆ ಬಂದು ಪೊಟ್ಟಣ ಬಿಚ್ಚಿದಾಗ ಅಸಹ್ಯ ಆಗುತ್ತೆ ಅಂದುಕೊಂಡಿದ್ದೆ. ಬಾಯಲ್ಲಿ ನೀರೂರಿತು.

ಸೋಮವಾರದ ತಿಕ್ಕಾಟ ನಿಲ್ಲಿಸೋಕೆ ಒಂದು ಹೂಟ ಹೂಡಿದ್ದೇನೆ. ಶಿವರಾತ್ರಿ ತನಕ ತೊಟ್ಟಿಯ ನೀರನ್ನು ಯಾರೂ ಮುಟ್ಟಬಾರದು ಅಂತ ಮಲ್ಲೇಶ್ವರನಿಗೆ ಹರಕೆ ಹೊತ್ತಿದ್ದೇನೆ ಅಂದೆ. ದೇವರ ಹೆಸರು ಬಂದ ಮೇಲೆ ಅತ್ತೆ ಬಾಯಿ ಮುಚ್ಚಿದರು. ನೀರು ನೀನು ಹೇಳಿದ ಹಾಗೇ ಬೆಳ್ಳಗಾಗಿದೆ. ವಾಸನೆ ಶುರುವಾಗಿದೆ. ನಾನು ಹೊತ್ತು ಹೊತ್ತಿಗೂ ಸಾಂಬ್ರಾಣಿ ಹಾಕುತ್ತೇನೆ. ಅತ್ತೆ ಮೋರಿ ಕಟ್ಟಿದೆ ಅಂತ ಆಳುಗಳನ್ನು ಕರೆಸಿ ಎರಡು ಸಲ ಕಲ್ಲು ಕೀಳಿಸಿದರು.

ಮೊದಲ ಕಾಗದದಲ್ಲೇ ಕೇಳಿದ್ದೆ, ನೀನು ಬರೆಯೋದೇ ಇಲ್ಲ. ಕರಿಯಕ್ಕ ಆರೋಗ್ಯವಾಗಿದ್ದಾರಾ?

ಬಸವಮ್ಮ


ಪಾವಗಡ
೪-೧-೧೯೮೨

ಬಸವಮ್ಮ,

ನಿನ್ನ ಕಾಗದ ಮೂರು ಸಲ ಓದಿದೆ. ಸ್ಟಾಫ್ ರೂಮಿನಲ್ಲಿ ಒಬ್ಬಳೇ ನಗುತ್ತಾ ಕೂತಿದ್ದೆ ಅಂತ ಜವಾನ ಬೈಲಪ್ಪ "ಏಮಿ ಮೇಡಂ, ಪ್ರಮೋಷನ್ ಬಂತಾ?" ಅಂತ ಕೇಳಿದ. ಅದಕ್ಕಿಂತ ಹೆಚ್ಚಿನದು ಅಂದೆ.

ವಾಸನೆ ಇನ್ನೂ ಏರುತ್ತೆ, ತಡಿ. ಸಾಂಬ್ರಾಣಿಗೆ ಬಗ್ಗೋ ವಾಸನೆ ಅಲ್ಲ ಅದು. ಇವತ್ತಲ್ಲ ನಾಳೆ ನಿಮ್ಮತ್ತೆ ಮೂಗು ಮೋರಿ ಬಿಟ್ಟು ತೊಟ್ಟಿ ಕಡೆಗೆ ತಿರುಗುತ್ತದೆ. ಗಂಟು ಸಿಕ್ಕುತ್ತದೆ. ಆಗ ಅವಳು ಮೊದಲು ಕೇಳೋ ಮಾತು ಯಾವುದು ಅಂತ ನನಗೂ ಗೊತ್ತು, ನಿನಗೂ ಗೊತ್ತು. ಯಾರು ನಿನಗೆ ಇದನ್ನ ಹೇಳಿಕೊಟ್ಟವರು? ನಿಮ್ಮಜ್ಜಿ ಕೇಳಿದ್ದೂ ಅದನ್ನೇ.

ಹೇಳು. ನನ್ನ ಹೆಸರು ಹೇಳು. ಪಾವಗಡದ ಗಿರಿಯಮ್ಮ ಮೋಸ ಮಾಡಿ ಹಾಕಿಸಿದಳು ಅನ್ನು. ನಿನಗೆ ಅಭ್ಯಾಸ ಇದೆ, ತಡವರಿಸೋಲ್ಲ. ನಾನು ಅದಕ್ಕೇ ಕಾಯುತ್ತಿದ್ದೀನಿ. ನಿಮ್ಮವರು ಯಾರಾದರೂ ಜಗಳಕ್ಕೆ ಇಲ್ಲಿಗೆ ಬರಲಿ. ಅವರ ಜೊತೆಗೇ ಬಸ್ಸು ಹತ್ತಿ ಬಂದು, ನಿಮ್ಮ ಪೇಟೆ ಬೀದಿ ನಡುವೆ ನಿಂತು, ನೀನು ಯಾವ್ಯಾವ ವಾರ ಏನೇನು ತಿಂದೆ, ಹೇಗೆ ಬೆರಳು ನೆಕ್ಕಿದೆ, ಎಲ್ಲ ಕೂಗಿ ಹೇಳುತ್ತೀನಿ. ನನ್ನ ಅವ್ವನಿಗೆ ಮುಚ್ಚಿದ ಒಂದೊಂದು ಬಾಗಿಲೂ ಆವತ್ತು ತೆಗೆಯಬೇಕು, ನಿನ್ನನ್ನ ನೋಡಿ ಉಗಿಯೋಕೆ.

ನನಗೆ ಮೀನಿನ ಚಿಂತೆ ಇಲ್ಲ. ನೀನು ಯಾವಾಗ ಸಿಕ್ಕಿಬೀಳುತ್ತೀಯ ಅಷ್ಟು ಬರೆದು ತಿಳಿಸು.

ಗಿರಿಯಮ್ಮ


ಮಧುಗಿರಿ
೧೯-೧-೧೯೮೨

ಗಿರಿ,

ಸಿಕ್ಕಿಬೀಳಲಿಲ್ಲ. ನಾನೇ ತೋರಿಸಿದೆ.

ಸಂಕ್ರಾಂತಿ ಆದ ಮಾರನೆಯ ದಿನ ಅಡವಯ್ಯನವರು, ಅವರ ಹೆಂಡತಿ, ಮಗ, ಮನೆ ನೋಡೋಕೆ ಅಂತ ಕೊರಟಗೆರೆಯಿಂದ ಬಂದರು. ಶಿವರಾತ್ರಿ ತನಕ ತಡೆಯುತ್ತೇನೆ ಅಂದಿದ್ದ ಅತ್ತೆ ತಡೆಯಲಿಲ್ಲ. ಕೇಸರಿಬಾತು ಮಾಡಿದವಳೂ ನಾನೇ, ತಟ್ಟೆಗೆ ಹಾಕಿದವಳೂ ನಾನೇ. ನಮ್ಮವರು ಕುರ್ಚಿಯಲ್ಲಿ ಕೂತು ತಮ್ಮ ಕಾಲಿನ ಹೆಬ್ಬೆರಳು ನೋಡಿಕೊಳ್ಳುತ್ತಿದ್ದರು. ಸಾಂಬ್ರಾಣಿ ಹೊಗೆಗೆ ಎಲ್ಲರ ಕಣ್ಣಲ್ಲೂ ನೀರು.

ಅಡವಯ್ಯನವರು ಮೂಗು ಉಜ್ಜಿಕೊಂಡು, "ಅಮ್ಮಾ, ಏನೋ ವಾಸ್ನೆ ಬರ್ತೈತಲ್ಲ, ಎಲ್ಲಾದ್ರೂ ಇಲಿ ಸತ್ತೈತಾ?" ಅಂದರು. "ಮೋರಿ ಸ್ವಾಮಿ, ನಾಳೆ ಸರಿ ಮಾಡುಸ್ತೀನಿ" ಅಂದರು ಅತ್ತೆ. ಹುಡುಗಿಯ ತಾಯಿ ನನ್ನ ಕಡೆ ಕಣ್ಣು ತೋರಿಸಿ, ಇವರ ಗತಿ ಏನು ಅಂತ ಕೇಳಿದರು. ನಾನು ಕಾಫಿ ಲೋಟ ಹಿಡಿದು ಅಲ್ಲೇ ನಿಂತಿದ್ದೆ. ಅತ್ತೆ ಏನಂದರು ಗೊತ್ತಾ? "ಇವ್ಳೇನ್ ಭಾರವಾ? ಮೂಲೇಲಿ ಬಿದ್ದಿರ್ತಾಳೆ. ಕಸ ಮುಸುರೆಗೆ ಒಂದಾಳು ಬೇಕಲ್ಲ, ಒಂದ್ ತುತ್ತು ಅನ್ನ ಹಾಕಿದ್ರಾಯ್ತು."

ಲೋಟ ಕೆಳಗಿಟ್ಟೆ. ತೊಟ್ಟಿಗೆ ಮೊಣಕೈ ತನಕ ಕೈ ಹಾಕಿ, ಗಂಟು ತೆಗೆದು, ಕೇಸರಿಬಾತಿನ ತಟ್ಟೆ ಪಕ್ಕದಲ್ಲೇ ಇಟ್ಟು ಬಿಚ್ಚಿದೆ. "ಮೋರಿ ಅಲ್ಲ ಸ್ವಾಮಿ. ಇದು" ಅಂದೆ. ಆ ನಾತ ನಿನಗೆ ಹೇಗೆ ಹೇಳಲಿ! ಆ ಹುಡುಗ ಬಾಯಿ ಮುಚ್ಚಿಕೊಂಡು ಬೀದಿಗೆ ಓಡಿದ.

ಅತ್ತೆ ಎದೆ ಬಡಿದುಕೊಂಡು, "ಅಯ್ಯೋ ಶಿವನೇ, ಯಾರೇ ನಿನ್ಗೆ ಇದ್ನ ಹೇಳ್ಕೊಟ್ಟೋರು?" ಅಂದರು. ನೀನು ಬರೆದಿದ್ದೆಯಲ್ಲ, ಅದೇ ಮಾತು. ಸುಳ್ಳು ಹೇಳೋಲ್ಲ, ನಿನ್ನ ಹೆಸರು ನಾಲಿಗೆ ತುದಿಗೆ ಬಂದಿತ್ತು. ಅಡವಯ್ಯನವರ ಮುಖ ನೋಡಿದೆ. ಇನ್ನೊಬ್ಬರ ಮೇಲೆ ಹಾಕಿದರೆ, ಪಾಪ ತಿಳಿಯದೆ ಮಾಡಿದಳು ಅಂತ ಬಿಟ್ಟುಬಿಡುತ್ತಾರೆ, ಮನೆ ಶುದ್ಧಿ ಮಾಡಿಸಿ ಮಾತು ಮುಂದುವರಿಸುತ್ತಾರೆ. ಹಾಗಾಗಬಾರದಿತ್ತು.

"ಯಾರೂ ಹೇಳ್ಕೊಟ್ಟಿಲ್ಲ. ನಾನೇ ಸಂತೇಲಿ ತಂದೆ, ನಾನೇ ಹಾಕ್ದೆ. ಈ ಮನೆಗೆ ಬರೋಕ್ ಮುಂಚೇನೇ ಇದ್ನ ತಿಂದೀನಿ. ಬೆಣ್ಣೆ ಕರಿಯಕ್ಕ ಬ್ಯಾಡ ಬ್ಯಾಡ ಅಂದ್ಲು, ನಾನೇ ಕಾಡಿ ಇಸ್ಕೊಂಡ್ ತಿಂದೆ. ಅವ್ಳು ಮೋಸ ಮಾಡಿದ್ಲು ಅಂದಿದ್ದು ಸುಳ್ಳು. ಇಂಥ ಸೊಸೆ ಕೈಯಲ್ಲಿ ಹದಿನಾಲ್ಕ್ ವರ್ಷ ಉಂಡಿದ್ದೀರ ಅತ್ತೇ" ಅಂದೆ. ಬಾಗಿಲು ತೆರೆದಿತ್ತು. ಎದುರು ಮನೆಯವರು ಜಗುಲಿಗೆ ಬಂದು ನಿಂತಿದ್ದರು. ಅವರಿಗೂ ಕೇಳಲಿ ಅಂತಲೇ ಗಟ್ಟಿಯಾಗಿ ಅಂದೆ.

ಅಡವಯ್ಯನವರು ಎದ್ದು, "ಇದು ಮನೆಯೇನ್ರೀ? ಇಂಥಾ ಕಡೆ ಹೆಣ್ ಕೊಟ್ರೆ ನಮ್ಮನ್ನ ಯಾರಾದ್ರೂ ಮಠದೊಳಕ್ಕೆ ಸೇರುಸ್ತಾರಾ?" ಅಂತ ಟವೆಲ್ ಒದರಿಕೊಂಡು ಹೋದರು. ಅತ್ತೆ ಹಾಸಿಗೆ ಹಿಡಿದರು. ನಮ್ಮವರು ಅವರ ಹಾಸಿಗೆ ಹತ್ತಿರ ಹೋಗಿ, "ಆಯ್ತು ಬುಡವ್ವ, ಇನ್ನ್ ಆ ಮಾತ್ ಎತ್ಬ್ಯಾಡ" ಅಂದರು. ಮದುವೆಯಾದ ಮೇಲೆ ಅವರು ಅವ್ವನಿಗೆ ಎದುರಾಡಿದ್ದು ನಾನು ಕೇಳಿದ್ದು ಅದೇ ಮೊದಲು. ಇನ್ನು ಕೊರಟಗೆರೆಯಿಂದ ಶಿರಾ ತನಕ ಈ ಮನೆಗೆ ಹೆಣ್ಣು ಕೊಡುವವರು ಯಾರೂ ಇಲ್ಲ.

ನೀರು ಇನ್ನೂ ತಿಳಿಯಾಗಿರಲಿಲ್ಲ. ಗಂಟು ಕಟ್ಟಿ ಮತ್ತೆ ತೊಟ್ಟಿಗೆ ಬಿಟ್ಟೆ.

ನಿನಗೋಸ್ಕರ ಹೇಳಿದೆ ಅಂದರೆ ನೀನೂ ನಂಬೋಲ್ಲ. ಅತ್ತೆಯ ಮೇಲಿನ ಸಿಟ್ಟಿಗೆ ಹೇಳಿದೆ. ನೀನು ನನ್ನನ್ನ ಹಾಳು ಮಾಡೋಕೆ ಕೊಟ್ಟದ್ದು ನನ್ನನ್ನ ಉಳಿಸಿತು. ಹೊಟ್ಟೆ ಉರಿದುಕೋ.

ಬಸವಮ್ಮ


ಮಧುಗಿರಿ
೨೬-೨-೧೯೮೨

ಗಿರಿ,

ಉತ್ತರವೇ ಇಲ್ಲ. ಆ ಕೊನೆಯ ಮಾತು ಬರೆಯಬಾರದಿತ್ತು. ಕೊಬ್ಬಿನಲ್ಲಿ ಬರೆದುಬಿಟ್ಟೆ.

ವಾಸನೆ ಪೂರ್ತಿ ಹೋಯಿತು. ನೀರು ಗಾಜಿನ ಹಾಗೆ ನಿಂತಿದೆ. ಶಿವರಾತ್ರಿಗೆ ಮುಂಚೆ ಎರಡು ಮೀನು ಬಿಟ್ಟೆ, ಆಮೇಲೆ ಉಳಿದವು. ಒಂದೂ ಸತ್ತಿಲ್ಲ. ಗಾಜಿನ ಹತ್ತಿರ ಹೋದರೆ ಓಡಿ ಬರುತ್ತವೆ. ಅತ್ತೆ ಆ ಕಡೆ ತಿರುಗಿ ನೋಡೋಲ್ಲ, ಕೈಗುಣದ ಮಾತೂ ಎತ್ತೋಲ್ಲ.

ಇದಕ್ಕಿಂತ ದೊಡ್ಡ ವಿಷಯ ಒಂದಿದೆ. ನಾನು ಹಜಾರದಲ್ಲಿ ಆಡಿದ ಮಾತು ಊರೆಲ್ಲ ಸುತ್ತಿದೆ. ನನ್ನನ್ನ ಬೈಯುವವರು ಬೈಯುತ್ತಾರೆ, ಬೈಯಲಿ. ಆದರೆ ಮೊನ್ನೆ ಎದುರು ಮನೆಯ ಅಜ್ಜಿ, "ಆ ಬೆಣ್ಣೆ ಕರಿಯಕ್ಕಂದು ಏನೂ ತಪ್ಪಿರ್ಲಿಲ್ವಂತೆ, ಸುಮ್ಕೆ ಅವ್ಳ ಹೊಟ್ಟೆ ಮೇಲ್ ಹೊಡುದ್ವಿ. ಅಂಥಾ ಬೆಣ್ಣೆ ಆಮೇಕೆ ಕಾಣ್ಲೇ ಇಲ್ಲ" ಅಂತ ಕಣ್ಣೊರೆಸಿಕೊಂಡರು. ಬಾಗಿಲು ಮುಚ್ಚಿದವರೇ ಅಂದರು ಗಿರಿ.

ಕರಿಯಕ್ಕನನ್ನ ಕರೆದುಕೊಂಡು ಬಾ. ಒಂದೇ ಒಂದು ಮಡಕೆ ಬೆಣ್ಣೆ ತರಲಿ. ಬಸ್ ಸ್ಟ್ಯಾಂಡಿಗೆ ನಾನೇ ಬರುತ್ತೇನೆ. ನಮ್ಮ ಬಾಗಿಲಲ್ಲಿ ಬೋಣಿ ಮಾಡಲಿ, ಆಮೇಲೆ ಮಡಕೆ ನಾನೇ ಹೊತ್ತು ಅವರ ಹಿಂದೆ ಮನೆ ಮನೆಗೂ ಬರುತ್ತೇನೆ. ಅವರ ಮುಖ ನೋಡಿ ಒಂದು ಮಾತು ಹೇಳಬೇಕು. ಇದು ಅತ್ತೆಯ ಮೇಲಿನ ಸಿಟ್ಟಿಗೆ ಅಲ್ಲ, ಯಾರಿಗೋಸ್ಕರವೂ ಅಲ್ಲ. ಯಾವ ದಿನ ಬರುತ್ತೀರಿ ಬರಿ.

ಬಸವಮ್ಮ


ಪಾವಗಡ
೧೨-೩-೧೯೮೨

ಬಸವಮ್ಮ,

ಮೊದಲು ಪಾಠ ಮುಗಿಸುತ್ತೇನೆ. ಇನ್ನು ಮೇಲೆ ತೊಟ್ಟಿಯ ನೀರನ್ನು ಪೂರ್ತಿ ಚೆಲ್ಲಬೇಡ, ವಾರಕ್ಕೊಮ್ಮೆ ಕಾಲು ಭಾಗ ಬದಲಾಯಿಸಿದರೆ ಸಾಕು. ಮರಳನ್ನು ತಿಕ್ಕಬೇಡ. ಮೇವು ಕಡಿಮೆ ಹಾಕು.

ಇನ್ನೊಂದು. ಒಣಮೀನೇ ಆಗಬೇಕು ಅಂತ ಏನೂ ಇರಲಿಲ್ಲ. ದಿನಾ ನಾಲ್ಕು ತೊಟ್ಟು ಗಂಜಲ ಬಿಟ್ಟಿದ್ದರೂ ಅದೇ ಕೆಲಸ ಆಗುತ್ತಿತ್ತು. ನಿಮ್ಮ ಹಿತ್ತಿಲಲ್ಲೇ ಹಸು ಇದೆ, ನಿಮ್ಮತ್ತೆ ತಾನೇ ತಂದು ಕೊಟ್ಟು ಕೈ ಮುಗಿಯುತ್ತಿದ್ದಳು. ಗೊತ್ತಿದ್ದೂ ಹೇಳಲಿಲ್ಲ. ನಿನ್ನನ್ನ ಸಂತೆಯಲ್ಲಿ ನಿಲ್ಲಿಸಬೇಕಿತ್ತು, ನಿಲ್ಲಿಸಿದೆ. ಅದಕ್ಕೆ ನನಗೆ ಒಂದಿಷ್ಟೂ ಬೇಸರ ಇಲ್ಲ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಅವ್ವನನ್ನ ಮತ್ತೆ ಮತ್ತೆ ಕೇಳಿದೆ, ಪ್ರತಿ ಸಲ ಉತ್ತರ ಬಿಟ್ಟೆ. ಮರೆತು ಬಿಟ್ಟದ್ದಲ್ಲ.

ಅವ್ವ ಇಲ್ಲ. ಹೋದ ವರ್ಷ ಯುಗಾದಿಗೆ ಮುಂಚೆಯೇ ಹೋದಳು. ನಿನ್ನ ಮೊದಲ ಕಾಗದ ಬರೋ ಹೊತ್ತಿಗೆ ಅವಳ ಗುಡ್ಡೆ ಮೇಲೆ ಹುಲ್ಲು ಬಂದಿತ್ತು. ಕರಿಯಕ್ಕ ಹೇಗಿದ್ದಾರೆ ಅಂತ ನೀನು ಬರೆದದ್ದು ಓದಿದ ದಿನವೇ ತೀರ್ಮಾನ ಮಾಡಿದೆ. ಇವಳಿಗೆ ಹೇಳಬಾರದು, ಒಂದಲ್ಲ ಒಂದು ದಿನ ಇವಳಿಗೆ ಅವ್ವನ ಮುಂದೆ ಬಂದು ನಿಲ್ಲಬೇಕು ಅಂತ ಮನಸ್ಸಾಗುತ್ತದೆ, ಆ ಮನಸ್ಸು ಚೆನ್ನಾಗಿ ಹಣ್ಣಾಗಲಿ, ಆವತ್ತು ಹೇಳೋಣ. ಇವತ್ತು ಹೇಳುತ್ತಿದ್ದೀನಿ. ಬಹಳ ಸಂತೋಷ ಆಗುತ್ತದೆ ಅಂದುಕೊಂಡಿದ್ದೆ. ಅಷ್ಟೇನೂ ಆಗುತ್ತಿಲ್ಲ. ಆದರೂ ಹೇಳದೆ ಬಿಡೋಲ್ಲ, ಪೂರ್ತಿ ಹೇಳುತ್ತೇನೆ.

ಕೊನೆಗೆ ಅವಳನ್ನ ಇಲ್ಲಿಗೇ ಕರೆತಂದಿದ್ದೆ. ಜ್ವರ ನೆತ್ತಿಗೇರಿದಾಗ ನನ್ನ ಗುರುತೂ ಸಿಕ್ಕುತ್ತಿರಲಿಲ್ಲ. ಯಾರು ಹತ್ತಿರ ಹೋದರೂ, ನರ್ಸಮ್ಮ ಹೋದರೂ, ಕೈ ಹಿಡಿದುಕೊಂಡು, "ನಾನು ಬದ್ನೆಕಾಯಿ ಅನ್ಲಿಲ್ಲ ಕಣವ್ವ, ಆ ಮಗೀಗೆ ಬ್ಯಾಡ ಅಂತ್ಲೇ ಅಂದೆ ಕಣವ್ವ" ಅನ್ನುತ್ತಿದ್ದಳು. ನರ್ಸಮ್ಮನಿಗೆ ತಲೆಬುಡ ಗೊತ್ತಾಗದೆ, "ಆಯ್ತಜ್ಜಿ, ನೀನು ಅನ್ಲಿಲ್ಲ" ಅನ್ನೋಳು. ಅಷ್ಟು ವರ್ಷದಲ್ಲಿ ಅವಳಿಗೆ ಆ ಮಾತು ಹೇಳಿದವಳು ಆ ನರ್ಸಮ್ಮ ಒಬ್ಬಳೇ.

ಬಸ್ ಸ್ಟ್ಯಾಂಡಿಗೆ ಬರಬೇಡ. ಬೆಣ್ಣೆ ಬೇಕಾದರೆ ಅಂಗಡಿಯಲ್ಲಿ ತಗೋ.

ಗಿರಿಯಮ್ಮ